ಹದಿಮೂರನೆಯ ಕೀರ್ತನೆಯೊಡನೆ ನಲವತ್ತು ದಿನ

ಕಷ್ಟದಲ್ಲಿರುವ ಕ್ರೈಸ್ತ ವಿಶ್ವಾಸಿಯ ಕಿವಿಗೆ ಮೊದಲು ಬೀಳುವ ಮಾತು, "ಯಾವಾಗಲೂ ಸಂತೋಷಿಸಿರಿ ಅಂತ ಬೈಬಲಿನಲ್ಲಿ ವಚನವೇ ಇದೆಯಲ್ಲ!" ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ವಚನ ಹೊರಟದ್ದು ಬೇಡಿ ಹಾಕಿಸಿಕೊಂಡಿದ್ದವನ ಕೈಯಿಂದ. ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಸಂತೋಷಿಸಿರಿ ಎಂದು ಒತ್ತಿ ಹೇಳುವ ಪೌಲನೇ 2ನೇ ಅಧ್ಯಾಯದಲ್ಲಿ, ತನ್ನ ಸಂಗಡಿಗ ಎಪಫ್ರೊದೀತ ಸಾಯುವ ಸ್ಥಿತಿಯಿಂದ ಬದುಕಿ ಬಂದದ್ದರಿಂದ ತನಗೆ ದುಃಖದ ಮೇಲೆ ದುಃಖ ಬರುವುದು ತಪ್ಪಿತು ಎನ್ನುತ್ತಾನೆ. ಅಂದರೆ ಮೊದಲ ದುಃಖ ಇನ್ನೂ ಅಲ್ಲೇ ಇತ್ತು. 3ನೇ ಅಧ್ಯಾಯಕ್ಕೆ ಬಂದರೆ ಕಣ್ಣೀರಿನಿಂದಲೇ ಹೇಳುತ್ತಿದ್ದೇನೆ ಎಂಬ ಮಾತಿದೆ. ನಾಲ್ಕೇ ಅಧ್ಯಾಯದ ಪತ್ರ. ಅದರೊಳಗೆ ಸಂತೋಷವೂ ಇದೆ, ಕಣ್ಣೀರೂ ಇದೆ, ಒಂದು ಇನ್ನೊಂದನ್ನು ಹೊರಗೆ ದಬ್ಬಿಲ್ಲ.

ಸಭೆಯ ಕ್ಯಾಲೆಂಡರಿನಲ್ಲೂ ಇದೇ ಕಾಣುತ್ತದೆ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವೇ ತಪಸ್ಸುಕಾಲ. ಅದು ಶುರುವಾಗುವ ಬೂದಿ ಬುಧವಾರದಿಂದ ಈಸ್ಟರ್‌ನ ಹಿಂದಿನ ದಿನದವರೆಗೆ ಎಣಿಸಿ ನೋಡಿ, 46 ದಿನ ಬರುತ್ತದೆ. ಪಾಶ್ಚಾತ್ಯ ಸಭೆಗಳು ಅದನ್ನು 40 ಎನ್ನುವುದು ಆರು ಭಾನುವಾರಗಳನ್ನು ಬಿಟ್ಟು. ಪ್ರತಿ ಭಾನುವಾರವೂ ಪುನರುತ್ಥಾನದ ದಿನ, ಆ ದಿನ ಉಪವಾಸಕ್ಕೆ ಸೇರುವುದಿಲ್ಲ. ತಪಸ್ಸುಕಾಲದ ಮಧ್ಯದಲ್ಲೇ ಹಬ್ಬದ ದಿನಗಳನ್ನು ಹೀಗೆ ಹೆಣೆದಿಟ್ಟಿದ್ದಾರೆ. ಈ ಕಾಲದಲ್ಲಿ ಏನಾದರೊಂದನ್ನು ಬಿಡುವ ಹರಕೆ ಎಲ್ಲರಿಗೂ ಗೊತ್ತು. ಕಷ್ಟದಲ್ಲಿರುವವರಿಗೆ ಬಿಡಲು ಉಳಿದಿರುವುದೇ ಕಡಿಮೆ. ಅಂಥವರು ಬೈಬಲಿನ ಪ್ರಾರ್ಥನಾಗೀತೆಗಳಲ್ಲಿ ಒಂದಾದ 13ನೇ ಕೀರ್ತನೆಯನ್ನು ದಿನಾ ಹಿಡಿಯುವ ಹರಕೆ ಹೊರಬಹುದು. ಬರೀ ಆರು ವಚನ. ಒಂದು ನೋಟುಬುಕ್ಕು, ದಿನಕ್ಕೆ ಹತ್ತು ನಿಮಿಷ ಸಾಕು.

ಮೊದಲು ಕೀರ್ತನೆಯನ್ನು ಒಮ್ಮೆ ಬಾಯಿಬಿಟ್ಟು ಓದಬೇಕು. ಮೊದಲ ಎರಡು ವಚನಗಳಲ್ಲಿ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನಾಲ್ಕೂ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಎರಡು ದೇವರ ಮೇಲಿನ ದೂರು: ಮರೆತಿದ್ದೀಯಾ, ಮುಖ ಮರೆಸಿಕೊಂಡಿದ್ದೀಯಾ? ಮೂರನೆಯದು ತನ್ನ ಮನಸ್ಸಿನೊಳಗಿನದು, ಹಗಲೆಲ್ಲ ಯೋಚನೆಯ ಮೇಲೆ ಯೋಚನೆ. ಕೊನೆಯದು ಶತ್ರುವಿನದು. ಬರೆಯುವಾಗಲೂ ಇದೇ ಕ್ರಮ: ದೇವರಿಗೆ ಎರಡು ವಾಕ್ಯ, ನಿಮ್ಮ ತಲೆಯೊಳಗೆ ಸುತ್ತುತ್ತಿರುವುದಕ್ಕೆ ಒಂದು, ಹೊರಗಿನಿಂದ ಒತ್ತುತ್ತಿರುವ ಮನುಷ್ಯರಿಗೋ ಪರಿಸ್ಥಿತಿಗೋ ಒಂದು. ಬಹಳ ಜನರ ಮನಸ್ಸಿನಲ್ಲಿ ಇವೆಲ್ಲ ಕಲಸಿಹೋಗಿರುತ್ತವೆ. ಸಾಲದವನ ಮೇಲಿನ ಸಿಟ್ಟು ದೇವರ ಮೇಲೆ ತಿರುಗಿರುತ್ತದೆ, ದೇವರ ಮೇಲಿನ ಬೇಸರ ಮನೆಯವರ ಮೇಲೆ ಹಾಯುತ್ತದೆ. ಬಿಡಿಸಿ ಬರೆದ ಮೇಲೆ ಯಾವುದು ಯಾರಿಗೆ ಸೇರಿದ್ದು ಎಂಬುದು ಕಣ್ಣಿಗೆ ಕಾಣುತ್ತದೆ. ಈ ಹರಕೆಯ ಅರ್ಧ ಕೆಲಸ ಅದೇ ಎನ್ನಬಹುದು.

ವಾಕ್ಯಗಳು ನಯವಾಗಿರಬೇಕಿಲ್ಲ. "ಕರ್ತನೇ, ನಿನ್ನ ಚಿತ್ತದಂತೆ ಆಗಲಿ" ಎಂದು ಇಲ್ಲೇ ಬರೆದುಬಿಟ್ಟರೆ ಅದು ಅವಸರ. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಆ ಮಾತಿಗೆ ಬಂದದ್ದು ಈ ಪಾತ್ರೆಯನ್ನು, ಅಂದರೆ ಬರಲಿದ್ದ ಸಂಕಟವನ್ನು, ನನ್ನಿಂದ ತೆಗೆ ಎಂದು ಬೇಡಿಕೊಂಡೇ. ಅದೂ ಒಂದೇ ಸಲವಲ್ಲ, ಮತ್ತೆ ಮತ್ತೆ ಎದ್ದು ಹೋಗಿ ಪ್ರಾರ್ಥಿಸಿದನು.

3 ಮತ್ತು 4ನೇ ವಚನಗಳು ಬೇಡಿಕೆ. ಇಲ್ಲಿ ಒಂದೇ ಸಾಲು, ಅದೂ ಆ ದಿನದ್ದು. "ಎಲ್ಲ ಸರಿಮಾಡು" ಎಂದು ಬರೆದರೆ ಉತ್ತರ ಬಂದರೂ ಗುರುತು ಸಿಗುವುದಿಲ್ಲ. "ನಾಳೆ ಡಾಕ್ಟರ ಎದುರು ಕೇಳಬೇಕಾದ್ದನ್ನು ಮರೆಯದೆ ಕೇಳುವಂತೆ ಮಾಡು" ಎಂಬಷ್ಟು ಚಿಕ್ಕದಾಗಿರಲಿ. ಕೀರ್ತನೆಗಾರ ಕೇಳುವುದೂ ಚಿಕ್ಕದನ್ನೇ: ಕಣ್ಣಿಗೆ ಕಳೆ ಕೊಡು. ಇದೇ ಬಗೆಯ ಮಾತು ಸಮುವೇಲನ ಮೊದಲನೆಯ ಪುಸ್ತಕದ 14ನೇ ಅಧ್ಯಾಯದಲ್ಲೂ ಇದೆ. ಯುದ್ಧದಲ್ಲಿ ಬಳಲಿದ್ದ ಯೋನಾತಾನ ಕೋಲಿನ ತುದಿಯನ್ನು ಜೇನಿಗೆ ಅದ್ದಿ ಬಾಯಿಗಿಟ್ಟ ಕೂಡಲೇ ಅವನ ಕಣ್ಣು ಕಳೆಗೊಂಡಿತಂತೆ. ಅಂದರೆ ಮೈಯ ಆಯಾಸವೂ ಪ್ರಾರ್ಥನೆಯ ವಿಷಯವೇ.

5ನೇ ವಚನದಲ್ಲಿ ತಿರುವು ಬರುತ್ತದೆ: ಆದರೆ ನಾನು ನಿನ್ನ ಕೃಪೆಯಲ್ಲಿ ಭರವಸೆ ಇಟ್ಟಿದ್ದೇನೆ. ಗಮನಿಸಿ, 4ನೇ ವಚನಕ್ಕೂ 5ಕ್ಕೂ ನಡುವೆ ಪರಿಸ್ಥಿತಿ ಬದಲಾದ ಸುದ್ದಿ ಎಲ್ಲೂ ಇಲ್ಲ. ಶತ್ರು ಅಲ್ಲೇ ಇದ್ದಾನೆ. "ಕೃಪೆ" ಎಂದಿರುವ ಕಡೆ ಹೀಬ್ರೂವಿನಲ್ಲಿರುವ ಪದ ಹೆಸೆದ್, ಕೊಟ್ಟ ಮಾತಿಗೆ ಕಟ್ಟುಬಿದ್ದವನ ಬಿಡದ ಪ್ರೀತಿ. ಹೇಗೋ ಒಳ್ಳೆಯದಾಗುತ್ತದೆ ಎಂಬ ಅಂದಾಜಿಗೂ ಕ್ರೈಸ್ತ ಭರವಸೆಗೂ ಇರುವ ವ್ಯತ್ಯಾಸ ಇದೇ: ಅಂದಾಜು ನಾಳೆಯ ಫಲಿತಾಂಶದ ಮೇಲೆ ನಿಂತರೆ, ಭರವಸೆ ಒಬ್ಬಾತನ ಸ್ವಭಾವದ ಮೇಲೆ ನಿಲ್ಲುತ್ತದೆ. 6ನೇ ವಚನ ನೆನಪಿನ ಮಾತು, ಆತನು ನನಗೆ ಉಪಕಾರ ಮಾಡಿದ್ದಾನೆ. ಹಾಗಾಗಿ ಕೊನೆಯ ಸಾಲಿಗೆ ಆಗಿಹೋದ ಒಂದು ಉಪಕಾರವನ್ನೇ ಬರೆಯಬೇಕು, ಆಗಬೇಕಾದದ್ದನ್ನಲ್ಲ. ಹೊಳೆಯದಿದ್ದರೆ ನಿನ್ನೆಯದನ್ನೇ ಮತ್ತೆ ಬರೆಯಿರಿ, ತಪ್ಪೇನಿಲ್ಲ.

ಭಾನುವಾರ ದೂರಿನ ಸಾಲು ಬೇಡ. ಆರು ದಿನದ ಪುಟಗಳನ್ನು ತಿರುವಿ, ಉತ್ತರ ಸಿಕ್ಕ ಬೇಡಿಕೆಯ ಪಕ್ಕ ಒಂದು ಗುರುತು ಹಾಕಿ. ಸಿಗದ್ದನ್ನು ಹೊಡೆದುಹಾಕಬೇಡಿ. ಪೌಲ ತನ್ನ ಶರೀರದಲ್ಲಿ ಮುಳ್ಳಿನಂತೆ ನಾಟಿದ್ದ ಬಾಧೆಯನ್ನು ತೆಗೆಯೆಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು.

ಸಾಮಾನ್ಯವಾಗಿ ಎಡವುವುದು ಎರಡನೆಯ ವಾರದಲ್ಲಿ. ಕೆಲವರು ನೇರ 5ನೇ ವಚನಕ್ಕೆ ಹಾರುತ್ತಾರೆ, ದೂರು ಹೇಳುವುದು ಅವಿಶ್ವಾಸ ಎಂಬ ಹೆದರಿಕೆ. ದೂರೆಲ್ಲ ಒಳಗೇ ಉಳಿದು, ಸ್ತೋತ್ರ ಬಾಯಿಪಾಠವಾಗುತ್ತದೆ. ಇನ್ನು ಕೆಲವರ ನೋಟುಬುಕ್ಕಿನಲ್ಲಿ ದೂರೇ ಮೂರು ಪುಟ, ಬೇಡಿಕೆಗೆ ಜಾಗವೇ ಇಲ್ಲ. ನಾಲ್ಕು ವಾಕ್ಯದ ಮಿತಿ ಇರುವುದು ಇಂಥವರಿಗಾಗಿಯೇ. ಎರಡು ದಿನ ತಪ್ಪಿಹೋದರೆ ಬಾಕಿ ತೀರಿಸಲು ಕೂರಬೇಡಿ, ಆ ದಿನದ್ದನ್ನಷ್ಟೇ ಬರೆದು ಮುಂದೆ ಹೋಗಿ. ಹತ್ತಿರದವರ ಕಷ್ಟ ನೋಡಿ ಈ ಕೀರ್ತನೆಯನ್ನು ಅವರ ಕೈಗೆ ತುರುಕುವುದೂ ಬೇಡ. ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ, ಏಳು ರಾತ್ರಿ ಬಾಯಿಬಿಡದೆ ನೆಲದ ಮೇಲೆ ಅವನ ಜೊತೆ ಕೂತಿದ್ದರು. ಕೆಟ್ಟದ್ದು ಅವರು ಮಾತಾಡತೊಡಗಿದ ಮೇಲೆ.

ರಾತ್ರಿ ನಿದ್ದೆಗೆಟ್ಟು ಈ ಹರಕೆ ನಡೆಸುವುದು ಖಂಡಿತ ಬೇಡ. ಅರಸುಗಳ ಮೊದಲನೆಯ ಪುಸ್ತಕದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಸಾವನ್ನೇ ಬೇಡಿ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಎದ್ದು ತಿನ್ನು ಎಂದ. ತಲೆಯ ಬಳಿ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದವನನ್ನು ಎರಡನೆಯ ಸಲ ಎಬ್ಬಿಸಿಯೂ ತಿನ್ನು ಎಂದೇ ಹೇಳಿದ. ಇಲ್ಲೇನು ಮಾಡುತ್ತೀ ಎಂಬ ದೇವರ ಪ್ರಶ್ನೆ ಬಂದದ್ದು ನಲವತ್ತು ದಿನದ ದಾರಿ ಮುಗಿದ ಮೇಲೆ. ಎರಡು ವಾರ ಕಳೆದರೂ ನಿದ್ದೆ, ಊಟ, ಆಸಕ್ತಿ ಮರಳದಿದ್ದರೆ ನೋಟುಬುಕ್ಕಿನ ಜೊತೆಗೆ ಡಾಕ್ಟರೂ ಬೇಕು. ಎಲೀಯನಂತೆ ಸಾವಿನ ಯೋಚನೆ ಬಂದರೆ ಅದೇ ದಿನ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ, ವೈದ್ಯರ ಬಳಿ ಹೋಗಿ. ಔಷಧಿ ತೆಗೆದುಕೊಂಡರೆ ವಿಶ್ವಾಸ ಕಡಿಮೆಯಾಯಿತೆಂದಲ್ಲ.

ನಲವತ್ತನೆಯ ದಿನ ಈಸ್ಟರ್‌ನ ಹಿಂದಿನ ದಿನವಾದ ಪವಿತ್ರ ಶನಿವಾರ. ಅಂದು ಒಂದು ದಿನ ಮಾತ್ರ ಕೀರ್ತನೆ ಬದಲಾಯಿಸಿ, 88ನೆಯದನ್ನು ಓದಿ. ಅದರಲ್ಲಿ ತಿರುವೇ ಇಲ್ಲ. ಹೀಬ್ರೂ ಮೂಲದಲ್ಲಿ ಅದರ ಕಟ್ಟಕಡೆಯ ಪದ "ಕತ್ತಲೆ". ಅಂಥದ್ದನ್ನೂ ಪ್ರಾರ್ಥನೆ ಎಂದೇ ಸೇರಿಸಿಟ್ಟಿದ್ದಾರೆ. ಕಥೋಲಿಕ ದೇವಾಲಯಗಳಲ್ಲಿ ಆ ಹಗಲು ಬಲಿಪೂಜೆ ಇರುವುದಿಲ್ಲ, ಬಲಿಪೀಠ ಬರಿದಾಗಿರುತ್ತದೆ. ನೋಟುಬುಕ್ಕಿನಲ್ಲೂ ಅಂದು ದೂರು ಬರೆದು, ಉಳಿದ ಸಾಲುಗಳನ್ನು ಖಾಲಿ ಬಿಡಿ. ಕತ್ತಲಾದ ಮೇಲೆ ಈಸ್ಟರ್ ಜಾಗರಣೆಗೆ ಸೇರಿದವರು ದೀಪವಿಲ್ಲದ ದೇವಾಲಯದಲ್ಲಿ ಕಾಯುತ್ತಾರೆ. ಹೊರಗೆ ಹೊತ್ತಿಸಿದ ಒಂದೇ ದೊಡ್ಡ ಮೇಣದಬತ್ತಿ ಬಾಗಿಲಿನಿಂದ ಒಳಗೆ ಬರುತ್ತದೆ. ಅದರಿಂದ ಒಬ್ಬರು, ಅವರಿಂದ ಪಕ್ಕದವರು ಹೊತ್ತಿಸಿಕೊಳ್ಳುತ್ತಾರೆ.