ಉಪ್ಪು ತಿಂದ ಗೋಡೆ

ಮೈಸೂರಿನ ಹಳೆಯ ಪೇಟೆಬೀದಿಯೊಂದರಲ್ಲಿರುವ ದಿನಸಿ ಅಂಗಡಿಯ ಕಟ್ಟಡವನ್ನು ದುರಸ್ತಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ, ಹಳೆಯ ಕಟ್ಟಡಗಳ ಸಂರಕ್ಷಣೆಯಲ್ಲಿ ತೊಡಗಿದ ಎಂಜಿನಿಯರ್ ಆಗಿ ನನಗೆ ನಾಲ್ಕು ವರ್ಷಗಳ ಅನುಭವವಿತ್ತು. 2012ರ ಆಗಸ್ಟ್‌ನಲ್ಲಿ ಅದೇ ಊರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡಿದ್ದರು; 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿದ್ದಿತ್ತು. ಎರಡೂ ಮಳೆಗಾಲದಲ್ಲೇ ಆದದ್ದರಿಂದ, ಗಾರೆಯ ಗೋಡೆಯಲ್ಲಿ ಒದ್ದೆ ಕಂಡರೆ ಮೊದಲು ನೀರಿನ ದಾರಿಯನ್ನು ಹುಡುಕುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಆ ಅಂಗಡಿಯ ರಚನೆಯನ್ನು ನಾನು ಈಗಲೂ ಪ್ರೀತಿಯಿಂದ ನೆನೆಯುತ್ತೇನೆ. ಗಾಡಿಯಿಂದ ಮೂಟೆಯನ್ನು ನೇರವಾಗಿ ಜಾರಿಸಿಕೊಳ್ಳುವಷ್ಟು ಎತ್ತರದ ಜಗಲಿ, ಅಂಕಿ ಬರೆದ ಹಲಗೆಗಳನ್ನು ಒಂದೊಂದಾಗಿ ತೋಡಿನಲ್ಲಿ ಸೇರಿಸಿ ಮುಚ್ಚುವ ಬಾಗಿಲು, ಗಲ್ಲಾಪೆಟ್ಟಿಗೆಯ ಮುಂದೆ ಕೂತವರಿಗೆ ಬೀದಿಯೂ ಉಗ್ರಾಣವೂ ಒಟ್ಟಿಗೆ ಕಾಣುವಂತೆ ಮಾಡಿದ ಕಮಾನು, ಇವೆಲ್ಲ ವ್ಯಾಪಾರವನ್ನು ಬಲ್ಲವರು ಹೇಳಿ ಕಟ್ಟಿಸಿದವು. ಮೇಲೆ ಮದ್ರಾಸ್ ತಾರಸಿ: ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಜಲ್ಲಿಯನ್ನು ಹರಡಿ, ಅಳಲೆಕಾಯಿ ಮತ್ತು ಬೆಲ್ಲದ ನೀರು ಚಿಮುಕಿಸುತ್ತ ದಿನಗಟ್ಟಲೆ ಬಡಿದು ಗಟ್ಟಿ ಮಾಡಿದ್ದು. ನಡುತೊಲೆಯಲ್ಲಿ ದೊಡ್ಡ ತಕ್ಕಡಿಯ ಕಬ್ಬಿಣದ ಕೊಂಡಿಯಿತ್ತು. 1958ರ ಅಕ್ಟೋಬರ್‌ನಿಂದ ದೇಶದಲ್ಲಿ ಹಂತಹಂತವಾಗಿ ಸೇರು, ಮಣ ಹೋಗಿ ಕಿಲೋ ಬಂದರೂ ಆ ಕೊಂಡಿಯನ್ನು ಯಾರೂ ಕಳಚಿರಲಿಲ್ಲ. ಹಿಂಬದಿಯ ಮಾಡಿನ ಮಂಗಳೂರು ಹಂಚಿನಲ್ಲಿ 1865 ಎಂದು ಒತ್ತಿದ್ದನ್ನು ತೋರಿಸಿ, ಕಟ್ಟಡವೂ ಅದೇ ವರ್ಷದ್ದು ಎಂದು ಮನೆಯವರು ಹೇಳುತ್ತಿದ್ದರು. ಆದರೆ ಅದು ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ವರ್ಷವಷ್ಟೆ.

ಉಗ್ರಾಣದ ಒಂದು ಮೂಲೆಯಲ್ಲಿ ಮಾತ್ರ ಗೋಡೆ ನೆಲದಿಂದ ಸೊಂಟದೆತ್ತರದವರೆಗೆ ಒದ್ದೆಯಾಗಿ ಪುಡಿಯುದುರುತ್ತಿತ್ತು. ತಾರಸಿ ಸೋರುತ್ತಿರಲಿಲ್ಲ, ಪಕ್ಕದಲ್ಲಿ ಚರಂಡಿಯೂ ಇರಲಿಲ್ಲ. ನೆಲದಿಂದ ತೇವ ಏರುತ್ತಿದೆ ಎಂದು ವರದಿ ಬರೆದು, ಸಡಿಲ ಗಾರೆಯನ್ನು ಕೆರೆಸಿ, ಸಿಮೆಂಟಿನ ಪ್ಲಾಸ್ಟರ್ ಮಾಡಿಸಿದೆ. ಬೇರೆ ಮೂರು ಗೋಡೆಗಳು ಅದೇ ನೆಲದ ಮೇಲೆ ನಿಂತೂ ಒಣಗಿದ್ದವೆಂಬುದನ್ನು ನಾನು ನೋಡಿಯೂ ಯೋಚಿಸಲಿಲ್ಲ. ಎರಡನೆಯ ಮಳೆಗಾಲದ ಹೊತ್ತಿಗೆ ಪ್ಲಾಸ್ಟರ್ ಇಟ್ಟಿಗೆಯ ಮೈಯನ್ನೇ ಕಿತ್ತುಕೊಂಡು ಕಳಚಿಬಿತ್ತು, ಒದ್ದೆ ಇನ್ನೂ ಒಂದು ಅಡಿ ಮೇಲೇರಿತ್ತು.

ಕಾರಣ ಹೇಳಿದವರು ಆ ಅಂಗಡಿಯಲ್ಲಿ ಚಿಕ್ಕಂದಿನಿಂದ ಮೂಟೆ ಹೊತ್ತಿದ್ದ ಹಿರಿಯರೊಬ್ಬರು. "ಅಲ್ಲಿ ಕಲ್ಲುಪ್ಪಿನ ಚೀಲ ಪೇರಿಸ್ತಿದ್ವಿ ಸ್ವಾಮಿ. ಉಪ್ಪು ತಿಂದ ಗೋಡೆ ನೀರು ಕುಡೀದೆ ಇರುತ್ತಾ?" ಎಂದರು.

ಅವರ ಮಾತು ರಸಾಯನಶಾಸ್ತ್ರದ ಪ್ರಕಾರವೂ ಅಕ್ಷರಶಃ ನಿಜ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು 75% ದಾಟಿದೊಡನೆ ಅಡುಗೆ ಉಪ್ಪು ಗಾಳಿಯಿಂದಲೇ ನೀರನ್ನು ಹೀರಿ ಕರಗುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಒಂದು ಹನಿ ಸೋರದಿದ್ದರೂ ಗೋಡೆ ಬೆವರುತ್ತದೆ. ಬೇಸಿಗೆಯಲ್ಲಿ ಅದೇ ಉಪ್ಪು ಇಟ್ಟಿಗೆಯ ಸೂಕ್ಷ್ಮ ರಂಧ್ರಗಳೊಳಗೆ ಮತ್ತೆ ಹರಳುಗಟ್ಟಿ, ಹರಳಿನ ಒತ್ತಡಕ್ಕೆ ಇಟ್ಟಿಗೆ ಒಳಗಿನಿಂದ ಒಡೆಯುತ್ತದೆ. ಸುಣ್ಣದ ಗಾರೆಯಿದ್ದಾಗ ತೇವ ಹೊರಬಂದು ಉಪ್ಪು ಗಾರೆಯ ಮೈಮೇಲೆ ಹೂಬಿಡುತ್ತಿತ್ತು, ಗಾರೆ ಸವೆದು ಇಟ್ಟಿಗೆ ಉಳಿಯುತ್ತಿತ್ತು. ನಾನು ಹಚ್ಚಿಸಿದ ಸಿಮೆಂಟು ಆ ದಾರಿಯನ್ನು ಮುಚ್ಚಿ, ಹಾನಿಯನ್ನು ಇಟ್ಟಿಗೆಯೊಳಕ್ಕೆ ತಳ್ಳಿತು.

ಅಂದಿನಿಂದ ಯಾವುದೇ ಹಳೆಯ ಕಟ್ಟಡದ ನಕ್ಷೆ ಬರೆಯುವಾಗ, ತೇವ ಅಳೆಯುವ ಉಪಕರಣವನ್ನು ಚೀಲದಿಂದ ತೆಗೆಯುವ ಮೊದಲು, ಎಲ್ಲಿ ಏನು ಇಡುತ್ತಿದ್ದರು ಎಂಬುದನ್ನು ಅಲ್ಲಿ ದುಡಿದವರಿಂದ ಕೇಳಿ ನಕ್ಷೆಯಲ್ಲೇ ಗುರುತಿಸುತ್ತೇನೆ. ಎಣ್ಣೆಯ ಡಬ್ಬ, ಬೆಲ್ಲದ ಅಚ್ಚು, ಉಪ್ಪು ಒಂದೊಂದೂ ನೆಲ ಮತ್ತು ಗೋಡೆಯ ಮೇಲೆ ಬೇರೆ ಬೇರೆ ಗುರುತು ಬಿಟ್ಟಿರುತ್ತವೆ.

ಆ ಮೂಲೆಯಲ್ಲಿ ಉಳಿದಿದ್ದ ಸಿಮೆಂಟನ್ನು ಉಳಿಯಿಂದ ನಿಧಾನವಾಗಿ ಬಿಡಿಸಿದೆವು. ನೆನೆಸಿದ ಕಾಗದದ ತಿರುಳನ್ನು ಗೋಡೆಗೆ ಮೆತ್ತಿ, ಒಣಗಿದ ಮೇಲೆ ಅದು ಹೀರಿಕೊಂಡ ಉಪ್ಪಿನೊಂದಿಗೆ ಕಿತ್ತೆಸೆದು, ಮತ್ತೆ ಹೊಸದನ್ನು ಮೆತ್ತಿದೆವು. ಕೊನೆಗೆ ತೆಳುವಾದ ಸುಣ್ಣದ ಗಾರೆ ಬಳಿದೆವು. ಅದು ಉಳಿಯುವುದಕ್ಕಾಗಿ ಬಳಿದದ್ದಲ್ಲ, ಉಪ್ಪನ್ನು ಹೊತ್ತು ಉದುರುವುದಕ್ಕಾಗಿ ಬಳಿದದ್ದು. ಉದುರಿದಾಗ ಗಾಬರಿಯಾಗದೆ ಕೆರೆದು ಹೊಸದಾಗಿ ಬಳಿಸಬೇಕೆಂದು ಮನೆಯವರಿಗೆ ಬರೆದುಕೊಟ್ಟಿದ್ದೇನೆ.