ಹರಕೆಗೆ ಒಪ್ಪಿಸಿದ ಹೆಣ್ಣುಮಕ್ಕಳು

12 ಜನವರಿ 2025, ಭಾನುವಾರ

ಮಧ್ಯಯುಗದ ಇಂಗ್ಲೆಂಡಿನಲ್ಲಿ ಸನ್ಯಾಸ ಸ್ವೀಕರಿಸಿದ ರಾಜಕುಮಾರಿಯರ ಕುರಿತು ಓದುತ್ತಿದ್ದೇನೆ. ಅವರಲ್ಲಿ ಒಂದನೆಯ ಎಡ್ವರ್ಡನ ಮಗಳು ಮೇರಿ ನನ್ನನ್ನು ಬಹುವಾಗಿ ಕಾಡುತ್ತಾಳೆ. 1285ರ ಆಗಸ್ಟ್ 15ರಂದು, ಮಾತೆ ಮರಿಯಳ ಸ್ವರ್ಗಾರೋಹಣದ ಹಬ್ಬದ ದಿನ, ವಿಲ್ಟ್‌ಷೈರಿನ ಏಮ್ಸ್‌ಬರಿ ಮಠಕ್ಕೆ ಅವಳನ್ನು ಒಪ್ಪಿಸಿದಾಗ ಅವಳಿಗಿನ್ನೂ ಆರೇಳು ವರ್ಷ. ಅವಳೊಂದಿಗೆ ದೊಡ್ಡ ಮನೆತನಗಳ 13 ಹುಡುಗಿಯರೂ ಮಠ ಸೇರಿದರು. ಇದಕ್ಕೆ ಪಟ್ಟು ಹಿಡಿದವಳು ಅಜ್ಜಿ, ಪ್ರಾವೆನ್ಸಿನ ಎಲಿನೋರ್. ಮರುವರ್ಷ ಅವಳೂ ಅಲ್ಲಿಗೇ ಬಂದು ನೆಲೆಸಿದಳು. ಮೊಮ್ಮಗಳು ಜೊತೆಗಿರಲೆಂಬ ಮುದಿಜೀವದ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಹಾಲುಹಲ್ಲು ಬೀಳುವ ವಯಸ್ಸಿನ ಮಗು ಜೀವನಪರ್ಯಂತದ ವ್ರತಕ್ಕೆ ಒಪ್ಪಿತ್ತೆಂದು ಹೇಳಲು ಮನಸ್ಸು ಬಾರದು.

ತಂದೆ ಅವಳಿಗೆ ವರ್ಷಕ್ಕೆ 100 ಪೌಂಡ್ ಗೊತ್ತುಮಾಡಿದ. 1292ರಲ್ಲಿ ಅದರ ಮೇಲೆ ರಾಜನ ಕಾಡುಗಳಿಂದ ವರ್ಷಕ್ಕೆ 40 ಓಕ್ ಮರಗಳು, ಸೌತಾಂಪ್ಟನ್ನಿನಿಂದ 20 ದೊಡ್ಡ ಪೀಪಾಯಿ ದ್ರಾಕ್ಷಾರಸ. ಅವಳು ಆಗಾಗ ಆಸ್ಥಾನಕ್ಕೆ ಹೋಗಿಬರುತ್ತಿದ್ದಳು. ದಾಳದಾಟದಲ್ಲಿ ಮಾಡಿಕೊಂಡ ಸಾಲ ತೀರಿಸಲು 1305ರಲ್ಲಿ 200 ಪೌಂಡ್ ಕೊಡಬೇಕಾಯಿತು. ಇದನ್ನೇ ಹಿಡಿದು ಅವಳನ್ನು ಕೆಟ್ಟ ಸನ್ಯಾಸಿನಿ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ನಿಕೊಲಸ್ ಟ್ರಿವೆಟ್ ಎಂಬ ಡೊಮಿನಿಕನ್ ಪಂಡಿತ ಫ್ರೆಂಚಿನಲ್ಲಿ ಚರಿತ್ರೆಯೊಂದನ್ನು ಬರೆದು ಒಪ್ಪಿಸಿದ್ದು ಈ ಮೇರಿಗೇ ಎಂಬುದನ್ನೂ ನೆನೆಯಬೇಕು.

ಈ ರೂಢಿ ಬಹಳ ಹಳೆಯದು. 655ರಲ್ಲಿ ಉತ್ತರ ಇಂಗ್ಲೆಂಡಿನ ನಾರ್ಥಂಬ್ರಿಯದ ದೊರೆ ಓಸ್ವಿಯು, ಮರ್ಸಿಯ ರಾಜ್ಯದ ಪೆಂಡ ರಾಜನ ಮೇಲೆ ಗೆದ್ದರೆ ಮಗಳನ್ನೂ 12 ಭೂದತ್ತಿಗಳನ್ನೂ ದೇವರಿಗೆ ಕೊಡುವುದಾಗಿ ಹರಕೆ ಹೊತ್ತ. ಗೆದ್ದ, ವರ್ಷ ತುಂಬಿದ್ದಷ್ಟೇ ಆಗಿದ್ದ ಕೂಸು ಎಲ್‌ಫ್ಲೆಡ್ ಮಠಕ್ಕೆ ಹೋಯಿತು. ಬೆಳೆದು ವಿಟ್ಬಿಯ ಮಠಾಧ್ಯಕ್ಷೆಯಾದ ಅವಳೇ ಮುಂದೆ ನಿಡ್ ನದಿಯ ಬಳಿ ನಡೆದ ಧರ್ಮಸಭೆಯಲ್ಲಿ ಎದ್ದು ನಿಂತು, ಸಾಯುವ ಮುನ್ನ ದೊರೆ ಆಲ್ಡ್‌ಫ್ರಿತ್ ಆಡಿದ ಮಾತಿಗೆ ಸಾಕ್ಷಿ ನುಡಿದು, ಬಿಷಪ್ ವಿಲ್ಫ್ರಿಡನ ವ್ಯಾಜ್ಯ ಬಗೆಹರಿಯಲು ಕಾರಣಳಾದಳು.

ಸನ್ಯಾಸಿನಿಯ ವ್ರತ ಬಿಡಿಸಿದ್ದೂ ಉಂಟು, ಆದರೆ ಅವಳ ಸುಖಕ್ಕಾಗಿ ಅಲ್ಲ. ಸ್ಟೀಫನ್ ದೊರೆಯ ಮಗಳು ಮೇರಿ ರಾಮ್ಸಿ ಮಠದ ಅಧ್ಯಕ್ಷೆಯಾಗಿದ್ದಳು. 1159ರಲ್ಲಿ ಅಣ್ಣತಮ್ಮಂದಿರಲ್ಲಿ ಕೊನೆಯವನೂ ತೀರಿಕೊಂಡು ಫ್ರಾನ್ಸಿನ ಬೂಲೋನ್ ಸೀಮೆ ಅವಳ ಪಾಲಿಗೆ ಬಂದದ್ದೇ ತಡ, ಮರುವರ್ಷ ಮಠದಿಂದ ಕರೆತಂದು ಫ್ಲಾಂಡರ್ಸ್ ಪ್ರಭುವಿನ ಮಗ ಮ್ಯಾಥ್ಯೂಗೆ ಮದುವೆ ಮಾಡಿಸಿದರು. ಇಬ್ಬರು ಹೆಣ್ಣುಮಕ್ಕಳಾದ ಮೇಲೆ ಆ ಮದುವೆ ಮುರಿಯಿತು. ಅವಳು ಮತ್ತೆ ಸನ್ಯಾಸಿನಿಯಾಗಿ ಮಾಂಟ್ರೈ ಊರಿನ ಮಠ ಸೇರಿ 1182ರಲ್ಲಿ ತೀರಿಕೊಂಡಳು. ಸೀಮೆ ಹಿರಿಯ ಮಗಳು ಇಡಾಳಿಗೆ ಹೋಯಿತು.