ಮತ್ತೆ ಮತ್ತೆ ಹೊರಳುವ ಕಾಲು

14 ಜುಲೈ 2025, ಸೋಮವಾರ
ಮಾಟುಂಗಾ, ಮುಂಬೈ

ಮಳೆಗಾಲದಲ್ಲಿ ಫುಟ್‌ಪಾತಿನ ಪೇವರ್ ಬ್ಲಾಕುಗಳ ಅಡಿಯ ಮರಳು ಕೊಚ್ಚಿಹೋಗುತ್ತದೆ. ಮೇಲಿಂದ ನೋಡಿದರೆ ಎಲ್ಲ ಸಮ. ಮೂಲೆಯ ಮೇಲೆ ಕಾಲಿಟ್ಟರೆ ಬ್ಲಾಕು ಒಂದು ಬೆರಳಿನಷ್ಟು ಓಲುತ್ತದೆ. ಗಟ್ಟಿ ಕಾಲಿಗೆ ಅದು ಲೆಕ್ಕಕ್ಕೇ ಇಲ್ಲ. ಎರಡು ಮೂರು ಸಲ ಉಳುಕಿದ ಕಾಲಿಗೆ ಅಷ್ಟೇ ಸಾಕು. "ಏನೂ ಆಗಿಲ್ಲ ಮಾರಾಯ, ಹೀಗೇ ಆಗ್ತಾ ಇರ್ತದೆ" ಎಂದು ಕಾಲು ಕೊಡವಿ ಲೋಕಲ್ ಹಿಡಿಯಲು ಓಡುವವರು ಇಲ್ಲಿ ಬಹಳ. ಹೀಗೇ ಆಗುತ್ತಾ ಇರಬಾರದು. ಇವತ್ತಿನ ಪುಟ ಅವರ ಕಾಲಿಗೆ.

ಕಣಕಾಲಿನ ಹೊರಗಂಟಿನ ಮುಂಭಾಗದಿಂದ ಪಾದದ ಎಲುಬಿಗೆ ಒಂದು ಚಿಕ್ಕ ಲಿಗಮೆಂಟ್, ಅಂದರೆ ಎಲುಬುಗಳನ್ನು ಬಿಗಿದಿಡುವ ಪಟ್ಟಿ, ಇದೆ. ಕಾಲು ಒಳಕ್ಕೆ ಹೊರಳಿದಾಗ ಸಾಮಾನ್ಯವಾಗಿ ಮೊದಲು ಹರಿಯುವುದು ಅದು. ಪೆಟ್ಟು ಜೋರಾಗಿದ್ದರೆ ಗಂಟಿನಿಂದ ಹಿಮ್ಮಡಿಗೆ ಇಳಿಯುವ ಇನ್ನೊಂದೂ ಹರಿಯುತ್ತದೆ. ಕೀಲಿನೊಳಗೆ ಕೂರುವ ಟೇಲಸ್ ಎಂಬ ಎಲುಬು ಮುಂದೆ ಅಗಲ, ಹಿಂದೆ ಕಿರಿದು. ಪಾದ ಮೇಲಕ್ಕೆ ಮಡಚಿದಾಗ ಅಗಲದ ಭಾಗ ಬೆಣೆಯ ಹಾಗೆ ಕಚ್ಚಿಕೊಳ್ಳುತ್ತದೆ. ಬೆರಳು ಕೆಳಕ್ಕೆ ಚಾಚಿದಾಗ ಕಿರಿದಾದ ಭಾಗ ಬಂದು ಕೀಲು ಸಡಿಲವಾಗುತ್ತದೆ. ದಾದರ್ ಸೇತುವೆಯ ಮೆಟ್ಟಿಲು ಇಳಿಯುವಾಗ, ಲೋಕಲ್ ಡಬ್ಬಿಯಿಂದ ಪ್ಲಾಟ್‌ಫಾರ್ಮಿಗೆ ಕಾಲು ಚಾಚುವಾಗ, ಯಕ್ಷಗಾನದಲ್ಲಿ ದಿಗಿಣ ಹಾರಿ ನೆಲ ಮುಟ್ಟುವಾಗ ಪಾದ ಇರುವುದು ಈ ಸಡಿಲ ಭಂಗಿಯಲ್ಲೇ.

ಹರಿದ ಲಿಗಮೆಂಟ್ ಕೂಡಿಕೊಂಡರೂ ಕಾಲು ಯಾಕೆ ಮತ್ತೆ ಹೊರಳುತ್ತದೆ? ಲಿಗಮೆಂಟ್ ಬರೀ ಹಗ್ಗ ಅಲ್ಲ. ಕೀಲು ಎಷ್ಟು ವಾಲಿದೆ ಎಂಬ ಸುದ್ದಿ ಕಳಿಸುವ ನರದ ತುದಿಗಳೂ ಅದರಲ್ಲಿವೆ. ಬ್ರಿಟನ್ನಿನ ಸರ್ಜನ್ ಫ್ರೀಮನ್ ಮತ್ತು ಜೊತೆಗಾರರು ಈ ವಾದ ಮುಂದಿಟ್ಟದ್ದು 1965ರಲ್ಲಿ. ಓಲಾಡುವ ಹಲಗೆಯ ಮೇಲೆ ನಿಲ್ಲಿಸುವ ಅಭ್ಯಾಸವನ್ನೂ ಆಗಲೇ ಹೇಳಿದ್ದರು. ಇನ್ನೊಂದು ಕಾರಣ ಹೊರಗಂಟಿನ ಹಿಂದೆ ಹಾದುಹೋಗುವ ಎರಡು ಸ್ನಾಯುಗಳದ್ದು. ಹೊರಳುವ ಪಾದವನ್ನು ಹಿಡಿದು ನಿಲ್ಲಿಸಬೇಕಾದವು ಅವೇ. ಕಾಲು ಹೊರಳುವುದು ರೆಪ್ಪೆ ಮಿಟುಕಿಸುವಷ್ಟರಲ್ಲಿ. ಸುದ್ದಿ ಬಂದ ಮೇಲೆ ಬಿಗಿಯಾಗುತ್ತೇನೆ ಎನ್ನುವ ಸ್ನಾಯು ತಡವಾಗಿಯೇ ಬರುತ್ತದೆ. ಪಾದ ನೆಲ ಮುಟ್ಟುವ ಮೊದಲೇ ಅದು ತಯಾರಾಗಿರಬೇಕು. ಈ ಪೂರ್ವತಯಾರಿಯನ್ನು ಕ್ರೇಪ್ ಬ್ಯಾಂಡೇಜೂ ವಿಶ್ರಾಂತಿಯೂ ಮರಳಿ ತರುವುದಿಲ್ಲ. ಹೊಸದಾಗಿ ಉಳುಕಿದ ಮೊದಲ ಎರಡು ಮೂರು ದಿನ ಬಿಸಿ ಎಣ್ಣೆ ಹಾಕಿ ತಿಕ್ಕಿಸುವುದು, ಕಾಲು ಎಳೆಸಿ "ಉಳುಕು ತೆಗೆಸುವುದು" ದಯವಿಟ್ಟು ಬೇಡ. ಒಳಗಿನ ರಕ್ತಸ್ರಾವ, ಬಾವು ಹೆಚ್ಚಬಹುದು.

ಮೊದಲು ಗೋಡೆಯ ಪರೀಕ್ಷೆ. ಬರಿಗಾಲಲ್ಲಿ ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ ಮೊಣಕಾಲು ಗೋಡೆಗೆ ತಾಗಿಸಬೇಕು. ತಾಗುವಷ್ಟೂ ಪಾದ ಹಿಂದೆ ಸರಿಸುತ್ತಾ ಹೋಗಿ, ಕೊನೆಗೆ ಹೆಬ್ಬೆರಳಿನಿಂದ ಗೋಡೆಗೆ ಎಷ್ಟು ದೂರ ಎಂದು ಅಳೆಯಿರಿ. 10 ಸೆಂ.ಮೀ. ಆಸುಪಾಸು ಇದ್ದರೆ ಚೆನ್ನ. ಅದಕ್ಕಿಂತ ಮುಖ್ಯ ಎರಡು ಕಾಲಿನ ವ್ಯತ್ಯಾಸ. ಉಳುಕಿದ ಕಾಲಿನ ದೂರ 2 ಸೆಂ.ಮೀ. ಕಡಿಮೆ ಇದ್ದರೆ ಕೀಲು ಪೂರ್ತಿ ಮಡಚುತ್ತಿಲ್ಲ, ಆ ಬೆಣೆ ಕಚ್ಚಿಕೊಳ್ಳುತ್ತಿಲ್ಲ. ಇದೇ ಚಲನೆಯನ್ನು ದಿನಕ್ಕೆ ಹತ್ತರಂತೆ ಮೂರು ಸಲ ಮಾಡಿದರೆ ಅದೇ ವ್ಯಾಯಾಮವೂ ಆಗುತ್ತದೆ.

ರಬ್ಬರ್ ಬ್ಯಾಂಡ್ ಕಟ್ಟಿ ಪಾದವನ್ನು ಹೊರಕ್ಕೆ ತಿರುಗಿಸುವುದು 15ರಂತೆ ಮೂರು ಸುತ್ತು. ಇಲ್ಲಿ ತಪ್ಪುವುದು ಒಂದೇ ಕಡೆ: ಪಾದದ ಬದಲು ಇಡೀ ಮೊಣಕಾಲು ತಿರುಗುತ್ತದೆ. ಮೊಣಕಾಲನ್ನು ಕೈಯಲ್ಲಿ ಹಿಡಿದುಕೊಳ್ಳಿ. ಹೊರಕ್ಕೆ ಒಂದು ಎಣಿಕೆ, ವಾಪಸು ಬರುವಾಗ ಮೂರು. ಮುಂದಿನದು ನಿಂತು ಹಿಮ್ಮಡಿ ಎತ್ತುವುದು. ಎತ್ತುವಾಗ ಭಾರ ಹೆಬ್ಬೆರಳಿನ ಬುಡದ ಮೇಲಿರಲಿ. ದಣಿದಂತೆಲ್ಲ ಅದು ಕಿರುಬೆರಳಿನ ಕಡೆ ಜಾರುತ್ತದೆ, ಜಾರಿದ ಕೂಡಲೇ ಆ ಸುತ್ತು ನಿಲ್ಲಿಸಿ. ಒಂಟಿಕಾಲಲ್ಲಿ 20 ತಲುಪುವುದು ಗುರಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ ಒಂಟಿಕಾಲಲ್ಲಿ ನಿಲ್ಲುವುದಕ್ಕೆ. ಅಡುಗೆಕಟ್ಟೆಯ ಪಕ್ಕ, ಬರಿಗಾಲು, 30 ಸೆಕೆಂಡಿನಂತೆ ಮೂರು ಸಲ. ಹೊರಗಂಟಿನ ಹಿಂದೆ ಬೆರಳಿಟ್ಟು ನೋಡಿ: ಆ ಸ್ನಾಯುಗಳ ಹುರಿ ಪಟಪಟ ಮಿಡಿಯುತ್ತಿರುತ್ತದೆ. ಅದು ದೋಷವಲ್ಲ, ಕೆಲಸ. ಬೆರಳುಗಳು ನೆಲವನ್ನು ಕಚ್ಚಿ ಹಿಡಿದರೆ ಮಾತ್ರ ತಪ್ಪು. 30 ಸುಲಭವಾದ ಮೇಲೆ ಕಣ್ಣು ಮುಚ್ಚಿ, ಆಮೇಲೆ ಮಡಚಿದ ಕಂಬಳಿಯ ಮೇಲೆ, ಆಮೇಲೆ ಚೆಂಡು ಹಿಡಿಯುತ್ತಾ. ನಂತರ ನೆಲದ ಟೈಲ್ಸಿನ ಗೆರೆಯೇ ಅಳತೆಪಟ್ಟಿ. ಒಂದು ಕಾಲಲ್ಲಿ ನಿಂತು ಇನ್ನೊಂದನ್ನು ಮುಂದಕ್ಕೆ, ಹಿಂದೆ ಒಳಕ್ಕೆ, ಹಿಂದೆ ಹೊರಕ್ಕೆ ಚಾಚಿ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಮುಂದಿನ ಚಾಚಿನಲ್ಲಿ ಎರಡು ಕಾಲುಗಳ ನಡುವೆ 4 ಸೆಂ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಓಟ, ಆಟ, ರಂಗಸ್ಥಳ ಸ್ವಲ್ಪ ಕಾಯಲಿ. ಕುಪ್ಪಳಿಸುವುದು ಕೊನೆಗೆ: ಎರಡು ಕಾಲಲ್ಲಿ, ಒಂದರಲ್ಲಿ, ಮುಂದಕ್ಕೆ, ಪಕ್ಕಕ್ಕೆ. ಇಳಿದಾಗ ದಪ್ ಎಂದು ಸದ್ದಾಗಬಾರದು. ವಾರಕ್ಕೆ ಐದು ದಿನದಂತೆ 8ರಿಂದ 12 ವಾರ ಬೇಕು. ಮೂರನೇ ವಾರಕ್ಕೆ ನೋವು ಹೋಯಿತೆಂದು ಬಿಡುವವರೇ ಮುಂದಿನ ಮಳೆಗಾಲದಲ್ಲಿ ಮತ್ತೆ ಉಳುಕಿಸಿಕೊಳ್ಳುವುದು.

ಮೆಡಿಕಲ್ ಅಂಗಡಿಯಲ್ಲಿ ಸಿಗುವ ಎಲಾಸ್ಟಿಕ್ ಆಂಕ್ಲೆಟ್ ಕಾಲನ್ನು ಬಿಗಿಯಾಗಿ ಹಿಡಿದಂತೆ ಅನ್ನಿಸುತ್ತದೆ, ಹೊರಳುವುದನ್ನು ಮಾತ್ರ ತಡೆಯಲಾರದು. ಲೇಸು ಕಟ್ಟುವ ಬ್ರೇಸ್ ತಡೆಯುತ್ತದೆ, ಆಡುವಾಗ ಹಾಕಿ. ಟೇಪು ಮುಂಬೈಯ ಬೆವರಿಗೆ ಅರ್ಧ ಗಂಟೆಯಲ್ಲೇ ಸಡಿಲ. ಹಿಂಬದಿ ಪಟ್ಟಿ ಇಲ್ಲದ ಚಪ್ಪಲಿ, ಹೊರ ಅಂಚು ಸವೆದ ಹಿಮ್ಮಡಿಯ ಶೂ ಇವನ್ನು ಇವತ್ತೇ ಬದಿಗಿಡಿ. ಉಡುಪಿ ಹೋಟೆಲಿನ ಒದ್ದೆ ಅಡುಗೆಮನೆಯಲ್ಲಿ ದಿನವಿಡೀ ನಿಲ್ಲುವವರಿಗೆ ಇದನ್ನು ಎರಡೆರಡು ಸಲ ಹೇಳಬೇಕು.

ಹೊಸ ಪೆಟ್ಟಿನಲ್ಲಿ ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಒಳ ಅಥವಾ ಹೊರಗಂಟಿನ ಹಿಂದಿನ ಅಂಚಿನಲ್ಲಿ, ಕೆಳಗಿನ 6 ಸೆಂ.ಮೀ. ಒಳಗೆ ಎಲುಬು ಒತ್ತಿದರೆ ನೋವಿದ್ದರೆ, ಕಿರುಬೆರಳಿನ ಕಡೆ ಪಾದದ ನಡುವಿನ ಉಬ್ಬಿನಲ್ಲೋ ಒಳಬದಿಯ ಉಬ್ಬಿನಲ್ಲೋ ನೋವಿದ್ದರೆ ಎಕ್ಸ್‌ರೇ ಬೇಕು. ಹಳೆಯ ಪೆಟ್ಟಿನ ಕಾಲಿನಲ್ಲಿ ಕೀಲು ನಡುವೆ ಸಿಕ್ಕಿಕೊಂಡಂತಾಗುವುದು, ಆಳದ ನೋವು, ಗಂಟಿನ ಹಿಂದೆ ಹುರಿ ಟಕ್ಕೆಂದು ಹಾರುವುದು ಇದ್ದರೆ ಎಂಆರ್‌ಐ ಬಗ್ಗೆ ಕೇಳಿ. ಟೇಲಸ್‌ನ ಮೃದ್ವಸ್ಥಿಗೆ ಆದ ಗಾಯ ಎಕ್ಸ್‌ರೇಯಲ್ಲಿ ತಪ್ಪಿಹೋಗಬಹುದು.

ಮೂರರಿಂದ ಆರು ತಿಂಗಳು ನಿಜವಾಗಿ ವ್ಯಾಯಾಮ ಮಾಡಿಯೂ ಕಾಲು ಹೊರಳುತ್ತಿದ್ದರೆ ಶಸ್ತ್ರಚಿಕಿತ್ಸೆಯ ಮಾತು. ಸ್ವೀಡನ್ನಿನ ಸರ್ಜನ್ ಬ್ರೋಸ್ಟ್ರಮ್ 1966ರಲ್ಲಿ ವಿವರಿಸಿದ, 1980ರಲ್ಲಿ ಗೌಲ್ಡ್ ಬಲಪಡಿಸಿದ ವಿಧಾನ ಇಂದಿಗೂ ಮೊದಲ ಆಯ್ಕೆ: ಸಡಿಲಗೊಂಡ ಲಿಗಮೆಂಟನ್ನೇ ಬಿಗಿದು ಹೊಲಿಯುತ್ತಾರೆ. ಹೆಬ್ಬೆರಳು ಮುಂಗೈಗೆ ತಾಗುವಷ್ಟು ಸಡಿಲ ಮೈಯವರು, ಹಿಮ್ಮಡಿ ಒಳಕ್ಕೆ ವಾಲಿದವರು ಇದನ್ನು ಸರ್ಜನ್‌ಗೆ ಮೊದಲೇ ತೋರಿಸಬೇಕು. ಹಿಮ್ಮಡಿಯ ವಾಲಿಕೆ ಸರಿಪಡಿಸದೆ ಬರೀ ಲಿಗಮೆಂಟ್ ಹೊಲಿದರೆ ಅದು ಮತ್ತೆ ಹಿಗ್ಗುತ್ತದೆ.